ನೆಕ್ಸಾನಾ ಬ್ರೆಝಾನಾ? ಫ್ಯಾಮಿಲಿಗೆ ಎರಡು ಕಾಂಪ್ಯಾಕ್ಟ್ ಎಸ್‌ಯುವಿ ಹೋಲಿಸಿ ಒಂದು ತಗೊಳ್ಳೋದು ಹೇಗೆ, ಶುರುವಿಂದ ಡೆಲಿವರಿ ತನಕ

ನಮ್ಮನೇಲಿ ಐದು ಜನ. ನಾನು, ನಮ್ಮನೆಯವ್ರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮತ್ತೆ ಮಂಡಿನೋವಿರೋ ನಮ್ಮತ್ತೆ. ಇರೋದು ಹಾಸನದಲ್ಲಿ, ನನ್ನ ತವರು ಪುತ್ತೂರು, ಅಂದ್ರೆ ಏನಿಲ್ಲ ಅಂದ್ರೂ ವರ್ಷಕ್ಕೆ ಹತ್ತು ಸಲ ಶಿರಾಡಿ ಘಾಟಿ ಇಳಿದು ಹತ್ಬೇಕು. ಹಳೇ ಚಿಕ್ಕ ಕಾರಲ್ಲಿ ಬರ್ತಾ ತೆಂಗಿನಕಾಯಿ ಚೀಲ ಅತ್ತೆ ಕಾಲ ಹತ್ರ, ಹಲಸಿನಹಣ್ಣು ಮಗಳ ತೊಡೆ ಮೇಲೆ, ಹಂಗಿರ್ತಿತ್ತು. ಅದಕ್ಕೇ ಒಂದು ದೊಡ್ಡ ಗಾಡಿ ಅಂತ ಹೊರಟಾಗ ಎಲ್ಲಾ ಸೋಸಿ ಕೊನೆಗೆ ಉಳಿದಿದ್ದು ಎರಡೇ, ಟಾಟಾ ನೆಕ್ಸಾನ್ ಮತ್ತೆ ಮಾರುತಿ ಬ್ರೆಝಾ. ಎರಡು ತಿಂಗಳು ತಲೆ ಕೆಡಿಸ್ಕೊಂಡು ನೋಡಿದ್ವಿ. ಅದೇ ಟೈಮಲ್ಲಿ ಬೆಂಗಳೂರಲ್ಲಿರೋ ನಮ್ಮ ನಾದಿನಿನೂ ಇವೆರಡನ್ನೇ ನೋಡ್ತಿದ್ಲು, ಒಂದೇ ರೀತಿ ಲೆಕ್ಕ ಹಾಕಿ ನಾವೊಂದು ತಗೊಂಡ್ವಿ ಅವಳೊಂದು ತಗೊಂಡ್ಲು. ಹೇಗೆ ಅನ್ನೋದನ್ನ ಮೊದಲಿಂದ ಬರೀತೀನಿ, ನೀವು ನೋಡ್ತಿರೋದು ಬೇರೆ ಎರಡು ಗಾಡಿ ಆದ್ರೂ ದಾರಿ ಇದೇ.

ಹೆಜ್ಜೆ 1: ಗಾಡಿ ನೋಡೋಕೆ ಮುಂಚೆ ನಿಮ್ಮನೆ ಓಡಾಟ ಬರ್ಕೊಳ್ಳಿ

ಬ್ರೋಷರ್ ತೆಗೀಬೇಡಿ, ವಿಡಿಯೋ ರಿವ್ಯೂ ನೋಡ್ಬೇಡಿ, ಮೊದ್ಲು ಒಂದು ನೋಟ್‌ಬುಕ್ ತಗೊಂಡು ಒಂದು ವಾರ ಯಾರು ಎಲ್ಲಿಗೆ ಎಷ್ಟು ಕಿಲೋಮೀಟರ್ ಹೋದ್ರಿ ಅಂತ ಬರೀರಿ. ನಮ್ದು ಬರೆದಾಗ ಗೊತ್ತಾಗಿದ್ದು ಏನಂದ್ರೆ ದಿನಾ ಬೆಳಿಗ್ಗೆ ಗಾಡಿ ಓಡಿಸೋದು ನಾನು, ಸ್ಕೂಲು, ನನ್ನ ಆಫೀಸು, ಸಂಜೆ ಅತ್ತೆನ ಫಿಸಿಯೋಥೆರಪಿಗೆ, ಎಲ್ಲಾ ಸೇರಿ ದಿನಕ್ಕೆ 20 ಕಿಲೋಮೀಟರ್ ಒಳಗೆ. ಐದೂ ಜನ ಒಟ್ಟಿಗೆ ಕೂರೋದು ತಿಂಗಳಿಗೆ ಎರಡು ಮೂರು ಸಲ ಅಷ್ಟೇ, ಆದ್ರೆ ಹಂಗೆ ಕೂತಾಗೆಲ್ಲಾ ಘಾಟಿ ರಸ್ತೆ. ತಿಂಗಳಿಗೆ ಒಟ್ಟು ಸಾವಿರ ಕಿಲೋಮೀಟರ್ ಹತ್ರ ಬಂತು. ನಾದಿನಿದು ಪೂರ್ತಿ ಉಲ್ಟಾ, ಮೂರೇ ಜನ, ಸಿಲ್ಕ್ ಬೋರ್ಡ್ ಟ್ರಾಫಿಕ್, ದಿನಕ್ಕೆ ಎರಡು ಗಂಟೆ ಕ್ಲಚ್ ತುಳಿಯೋದೇ ಕೆಲ್ಸ.

ಈ ಒಂದು ಪೇಜ್ ಮುಂದೆ ಪ್ರತಿ ಸಲ ಕೆಲ್ಸಕ್ಕೆ ಬರತ್ತೆ. ಅದ್ರ ಕೆಳಗೆ ಮನೇಲಿ ಪ್ರತಿಯೊಬ್ರಿಗೂ ಬೇಕೇ ಬೇಕು ಅನ್ನೋದು ಎರಡೆರಡು ಬರೆಸ್ಕೊಳ್ಳಿ. ಅತ್ತೆ ಹೇಳಿದ್ದು, "ಹತ್ತೋಕೆ ಇಳಿಯೋಕೆ ಯಾರೂ ಕೈ ಹಿಡೀಬಾರ್ದು, ಅಷ್ಟು ಸಾಕಮ್ಮಾ." ಮಗಳಿಗೆ ಹಿಂದೆ ಎಸಿ ಗಾಳಿ ಬರ್ಬೇಕು. ನಮ್ಮನೆಯವ್ರಿಗೆ ಲಾರಿ ಓವರ್‌ಟೇಕ್ ಮಾಡೋವಾಗ ಎದೆ ಹೊಡ್ಕೋಬಾರ್ದು. ನಂಗೆ ಮಕ್ಕಳ ಸೇಫ್ಟಿ, ಮತ್ತೆ ನಮ್ಮ ಓಣಿ ಗೇಟಲ್ಲಿ ಒಂದೇ ಸಲಕ್ಕೆ ಗಾಡಿ ಒಳಗೆ ಹೋಗೋದು.

ಹೆಜ್ಜೆ 2: ಗಾಡಿ ಎದುರು ಗಾಡಿ ಬೇಡ, ವೇರಿಯಂಟ್ ಎದುರು ವೇರಿಯಂಟ್ ಇಡಿ, ಅದೂ ಆನ್‌ರೋಡ್ ಬೆಲೆಗೆ

ಇಲ್ಲೇ ಜಾಸ್ತಿ ಜನ ಎಡವೋದು. ಒಂದರ ಬೇಸ್ ಮಾಡೆಲ್ ಬೆಲೆ ಇನ್ನೊಂದರ ಟಾಪ್ ಮಾಡೆಲ್ ಫೀಚರ್ ಜೊತೆ ಇಟ್ಟು ನೋಡ್ತಾ ಕೂತಿರ್ತೀವಿ. ನಿಮ್ಮ ಬಜೆಟ್ ಫಿಕ್ಸ್ ಮಾಡಿ, ಆ ದುಡ್ಡಿಗೆ ಎರಡರಲ್ಲೂ ಯಾವ ವೇರಿಯಂಟ್, ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಬರತ್ತೆ ಅಂತ ಒಂದೊಂದೇ ಹೆಸರು ಬರ್ಕೊಳ್ಳಿ. ಅಲ್ಲಿಂದಾಚೆ ಅವೆರಡೇ, ಬೇರೆ ವೇರಿಯಂಟ್ ಕಡೆ ತಲೆನೇ ಹಾಕ್ಬೇಡಿ.

ಈಗ ಟ್ಯಾಕ್ಸ್. ಈ ಎರಡು ಗಾಡೀಲಿ ಇದು ತುಂಬಾ ಮುಖ್ಯ, ಶೋರೂಮಲ್ಲಿ ಯಾರೂ ಬಿಡಿಸಿ ಹೇಳಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಗಾಡಿ, ಪೆಟ್ರೋಲ್ ಆದ್ರೆ 1200 ಸಿಸಿ ಒಳಗೆ, ಡೀಸೆಲ್ ಆದ್ರೆ 1500 ಸಿಸಿ ಒಳಗೆ ಇದ್ರೆ ಜಿಎಸ್‌ಟಿ 18%, ಇಲ್ಲಾಂದ್ರೆ 40%. ಎರಡೂ ಗಾಡಿ ಉದ್ದ 3995 ಮಿಲಿಮೀಟರ್, ಅದ್ರಲ್ಲಿ ಪಾಸ್. ನೆಕ್ಸಾನ್ ಪೆಟ್ರೋಲ್ ಎಂಜಿನ್ 1199 ಸಿಸಿ, ಡೀಸೆಲ್ 1497 ಸಿಸಿ, ಎರಡೂ 18% ಲೆಕ್ಕಕ್ಕೆ ಬರತ್ತೆ. ಬ್ರೆಝಾದ್ದು 1462 ಸಿಸಿ ಪೆಟ್ರೋಲ್, ಅದಕ್ಕೇ 40%. ಅಂದ್ರೆ ಎರಡೂ ಎಕ್ಸ್‌ಶೋರೂಮ್ (ರೋಡ್ ಟ್ಯಾಕ್ಸು, ಇನ್ಶೂರೆನ್ಸು ಸೇರೋಕೆ ಮುಂಚಿನ ಬೆಲೆ) 10 ಲಕ್ಷ ಅಂತ ಬೋರ್ಡ್ ಹಾಕಿದ್ರೆ ಒಂದರಲ್ಲಿ ಸುಮಾರು 1.53 ಲಕ್ಷ ಟ್ಯಾಕ್ಸ್, ಇನ್ನೊಂದರಲ್ಲಿ ಸುಮಾರು 2.86 ಲಕ್ಷ ಟ್ಯಾಕ್ಸ್. ನೀವು ಕೊಡೋ ದುಡ್ಡು ಅಷ್ಟೇ, ಆದ್ರೆ ಗಾಡಿಗೆ ಅಂತ ಹೋಗೋದು ಬೇರೆ ಬೇರೆ. ಒಂದೇ ಬೆಲೆಗೆ ನೆಕ್ಸಾನಲ್ಲಿ ಒಂದೆರಡು ಫೀಚರ್ ಜಾಸ್ತಿ ಕಾಣ್ಸೋಕೆ ಇದೂ ಒಂದು ಕಾರಣ. ಹಾಗಂತ ಬ್ರೆಝಾಗೆ ಟ್ಯಾಕ್ಸ್ ಜಾಸ್ತಿ ಆಗೋಯ್ತು ಅಂದ್ಕೋಬೇಡಿ, ಮುಂಚೆ ಸೆಸ್ಸು ಸೇರಿ 45% ಇತ್ತು, ಅದೂ ಇಳಿದಿದೆ.

ಆಮೇಲೆ ನಮ್ಮ ಕರ್ನಾಟಕದ ಲೈಫ್‌ಟೈಮ್ ರೋಡ್ ಟ್ಯಾಕ್ಸ್. 5ರಿಂದ 10 ಲಕ್ಷದ ಗಾಡಿಗೆ 14%, 10ರಿಂದ 20 ಲಕ್ಷಕ್ಕೆ 17%, ಆ ಟ್ಯಾಕ್ಸ್ ಮೇಲೆ ಮತ್ತೆ 11% ಸೆಸ್. ಈಗ ಲೆಕ್ಕ ನೋಡಿ. 9.90 ಲಕ್ಷದ ಗಾಡಿಗೆ ಟ್ಯಾಕ್ಸು ಸೆಸ್ಸು ಸೇರಿ 1,53,846 ರೂಪಾಯಿ. ಅದೇ 10.10 ಲಕ್ಷದ ಗಾಡಿಗೆ 1,90,587. ಗಾಡಿ ಬೆಲೇಲಿ ವ್ಯತ್ಯಾಸ 20 ಸಾವಿರ, ಟ್ಯಾಕ್ಸಲ್ಲಿ ವ್ಯತ್ಯಾಸ ಹತ್ರ ಹತ್ರ 37 ಸಾವಿರ! 10 ಲಕ್ಷ ದಾಟಿದ್ರೆ ಮೇಲಿಂದ 1% ಟಿಸಿಎಸ್ ಬೇರೆ ಹಿಡೀತಾರೆ, ಅದು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋವಾಗ ನಿಮ್ಮ ಲೆಕ್ಕಕ್ಕೆ ವಾಪಸ್ ಬರತ್ತೆ, ಆದ್ರೆ ಗಾಡಿ ತಗೊಳ್ಳೋ ದಿನ ಕೈಯಿಂದ ಕೊಡ್ಲೇಬೇಕು. ಅದಕ್ಕೇ ನೀವು ನೋಡ್ತಿರೋ ವೇರಿಯಂಟ್ 10 ಲಕ್ಷದ ಗೆರೆ ಹತ್ರ ಇದ್ರೆ ಒಂದು ಮೆಟ್ಟಿಲು ಕೆಳಗಿಂದು ಸಾಕಾ ಅಂತ ಎರಡು ಸಲ ಯೋಚ್ನೆ ಮಾಡಿ. ಆ 37 ಸಾವಿರಕ್ಕೆ ಒಳ್ಳೇ ಮಕ್ಕಳ ಸೀಟು, ಸೀಟ್ ಕವರ್ರು, ಮ್ಯಾಟು, ರಿವರ್ಸ್ ಕ್ಯಾಮೆರಾ ಎಲ್ಲಾ ಬಂದ್ಬಿಡತ್ತೆ.

ಕೊಟೇಶನ್ ಬಾಯಲ್ಲಿ ಕೇಳ್ಕೊಂಡು ಬರ್ಬೇಡಿ, ಪ್ರಿಂಟ್ ತಗೊಳ್ಳಿ, ಒಂದೊಂದು ಲೈನೂ ಕೇಳಿ. ನಮಗೆ ಸಿಕ್ಕಿದ ಮೊದಲ ಕೊಟೇಶನಲ್ಲಿ ಹ್ಯಾಂಡ್ಲಿಂಗ್ ಚಾರ್ಜು ಅಂತೊಂದು, ಬೇಸಿಕ್ ಕಿಟ್ ಅಂತೊಂದು, ಟೆಫ್ಲಾನ್ ಕೋಟಿಂಗ್ ಅಂತೊಂದು, ಮೂರೂ ಸೇರಿ 30 ಸಾವಿರದ ಮೇಲೆ ಇತ್ತು. ಇದೇನು ಅಂತ ಕೇಳಿದ್ರೆ "ಮೇಡಂ ಎಲ್ರಿಗೂ ಹಾಕ್ತೀವಿ" ಅಂದ್ರು. ನಮಗೆ ಬೇಡ, ತೆಗೆದು ಹೊಸ ಪ್ರಿಂಟ್ ಕೊಡಿ ಅಂದೆ, ಕೊಟ್ರು. ಇನ್ಶೂರೆನ್ಸೂ ಅಷ್ಟೇ, ಶೋರೂಮಲ್ಲೇ ಮಾಡಿಸ್ಬೇಕು ಅನ್ನೋ ಕಾನೂನಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವ್ರಿಗಾಗೋ ನಷ್ಟಕ್ಕೆ) ಕಡ್ಡಾಯ, ಓನ್ ಡ್ಯಾಮೇಜು (ನಮ್ಮ ಗಾಡಿಗಾಗೋ ನಷ್ಟಕ್ಕೆ) ಒಂದು ವರ್ಷಕ್ಕೆ ಮಾಡಿಸ್ಬಹುದು. ಹೊರಗಡೆ ಎರಡು ಕಡೆ ಕೇಳಿ, ಐಡಿವಿ (ಗಾಡಿ ಕಳುವಾದ್ರೆ ಅಥವಾ ಪೂರ್ತಿ ಹಾಳಾದ್ರೆ ಇನ್ಶೂರೆನ್ಸ್ ಕೊಡೋ ಮೊತ್ತ) ಒಂದೇ ಇಟ್ಟು, ಝೀರೋ ಡೆಪ್ (ಹಳೇದಾಯ್ತು ಅಂತ ಪಾರ್ಟ್ ಬೆಲೇಲಿ ಕಳೀದೆ ಕ್ಲೇಮ್ ಕೊಡೋದು) ಎರಡರಲ್ಲೂ ಸೇರಿಸಿ ಹೋಲಿಸಿ, ಐಡಿವಿ ಕಮ್ಮಿ ಮಾಡಿ ಪ್ರೀಮಿಯಂ ಕಮ್ಮಿ ತೋರಿಸೋರಿದ್ದಾರೆ.

ಹೆಜ್ಜೆ 3: ಸೇಫ್ಟಿ, ಸ್ಟಾರ್ ಎಣಿಸೋದಕ್ಕಿಂತ ಒಂದು ಹೆಜ್ಜೆ ಒಳಗೆ ಹೋಗಿ

ನಂಗೆ ಇದು ಎಲ್ಲಕ್ಕಿಂತ ಮುಂದೆ, ಅದನ್ನ ಮುಚ್ಚಿಡಲ್ಲ. 2018ರ ಡಿಸೆಂಬರಲ್ಲಿ ಗ್ಲೋಬಲ್ ಎನ್‌ಕ್ಯಾಪಲ್ಲಿ, ಅಂದ್ರೆ ಕಾರನ್ನ ಗುದ್ದಿಸಿ ಸೇಫ್ಟಿಗೆ ಸ್ಟಾರ್ ಕೊಡೋ ಟೆಸ್ಟಲ್ಲಿ, 5 ಸ್ಟಾರ್ ತಗೊಂಡ ಮೊದಲನೇ ಭಾರತದ ಕಾರು ನೆಕ್ಸಾನ್. ಆಮೇಲೆ ಟೆಸ್ಟ್ ನಿಯಮ ಗಟ್ಟಿ ಆಯ್ತು, ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿಂದ ಶುರುವಾಯ್ತು, 2024ರಲ್ಲಿ ಅದ್ರಲ್ಲೂ ನೆಕ್ಸಾನಿಗೆ 5 ಸ್ಟಾರ್ ಬಂತು, ದೊಡ್ಡೋರ ಸೇಫ್ಟಿಗೆ 32ಕ್ಕೆ 29.41, ಮಕ್ಕಳ ಸೇಫ್ಟಿಗೆ 49ಕ್ಕೆ 43.83. 5 ಸ್ಟಾರ್ ಬರ್ಬೇಕಂದ್ರೆ ಕನಿಷ್ಠ 27 ಮತ್ತೆ 41 ಬೇಕು, ಅಂದ್ರೆ ಗಡಿ ಮೇಲೆ ಪಾಸಾಗಿದ್ದಲ್ಲ. ಆ ಟೆಸ್ಟಲ್ಲಿ ಗಂಟೆಗೆ 64 ಕಿಲೋಮೀಟರ್ ಸ್ಪೀಡಲ್ಲಿ ಮುಂಭಾಗದ ಒಂದು ಪಕ್ಕ ಗುದ್ದಿಸ್ತಾರೆ, 50ರಲ್ಲಿ ಸೈಡಿಂದ ಗುದ್ದಿಸ್ತಾರೆ, 29ರಲ್ಲಿ ಕಂಬಕ್ಕೆ ಗುದ್ದಿಸ್ತಾರೆ, ಹಿಂದಿನ ಸೀಟಲ್ಲಿ 18 ತಿಂಗಳ ಮತ್ತೆ 3 ವರ್ಷದ ಮಕ್ಕಳ ಗಾತ್ರದ ಬೊಂಬೆ ಕೂರಿಸಿರ್ತಾರೆ.

ಬ್ರೆಝಾ ವಿಷ್ಯಕ್ಕೆ ಬಂದ್ರೆ ಎಲ್ರೂ ಹೇಳೋ 4 ಸ್ಟಾರು 2018ರಲ್ಲಿ ಹಳೇ ವಿಟಾರಾ ಬ್ರೆಝಾಗೆ ಬಂದಿದ್ದು. 2022ರ ಜೂನಲ್ಲಿ ಬಂದ ಈಗಿನ ಬ್ರೆಝಾಗೆ ಆ ನಂಬರ್ ಹಿಡ್ಕೊಂಡು ಮಾತಾಡ್ಬಾರ್ದು, ಒಳ್ಳೇದು ಅಂತಾನೂ ಕೆಟ್ಟದು ಅಂತಾನೂ. ನೀವು ಯಾವ ಗಾಡಿ ನೋಡ್ತಿದ್ರೂ ಭಾರತ್ ಎನ್‌ಕ್ಯಾಪ್ ಸೈಟಲ್ಲಿ ಆ ಮಾಡೆಲ್ ಹೆಸರು, ಟೆಸ್ಟ್ ಮಾಡಿದ ವರ್ಷ, ಯಾವ ವೇರಿಯಂಟಿಗೆ ಅನ್ವಯ ಅಂತ ನೋಡಿ, ಬರೀ ಸ್ಟಾರ್ ಚಿತ್ರ ನೋಡಿ ಬರ್ಬೇಡಿ. ಆರು ಏರ್‌ಬ್ಯಾಗು, ಇಎಸ್‌ಪಿ (ಗಾಡಿ ಜಾರಿ ಹಿಡಿತ ತಪ್ಪದ ಹಾಗೆ ತಡೆಯೋದು) ಈಗ ಎರಡರಲ್ಲೂ ಸಿಗತ್ತೆ, ನಿಮ್ಮ ವೇರಿಯಂಟಲ್ಲಿ ಇದೆಯಾ ಅಂತ ಬ್ರೋಷರಲ್ಲಿ ಟಿಕ್ ಮಾಡ್ಕೊಳ್ಳಿ.

ಸ್ಟಾರ್ ಎಷ್ಟಿದ್ರೂ ಮಗು ಅಮ್ಮನ ತೊಡೆ ಮೇಲೆ ಮುಂದಿನ ಸೀಟಲ್ಲಿ ಕೂತಿದ್ರೆ ಏನೂ ಪ್ರಯೋಜನ ಇಲ್ಲ, ಏರ್‌ಬ್ಯಾಗ್ ಬಿಚ್ಚಿಕೊಳ್ಳೋ ರಭಸಕ್ಕೆ ಆ ಮಗೂಗೇ ಪೆಟ್ಟು. ನಮ್ಮಲ್ಲಿ ಎಷ್ಟು ಸಹಜವಾಗಿ ಹಂಗೆ ಕೂರಿಸ್ಕೋತೀವಿ ಅಂತ ನೆನೆಸ್ಕೊಂಡ್ರೆ ನಂಗೆ ಸಂಕಟ ಆಗತ್ತೆ. ಹಿಂದಿನ ಸೀಟಿನ ಬೆನ್ನಿಗೂ ಕೂರೋ ಜಾಗಕ್ಕೂ ಮಧ್ಯ ಇರೋ ಸಂದೀಲಿ ಬೆರಳು ಹಾಕಿ ನೋಡಿ, ಗಟ್ಟಿ ಕಬ್ಬಿಣದ ಕೊಂಡಿ ಎರಡು ಸಿಗತ್ತೆ, ಅದೇ ಐಸೋಫಿಕ್ಸ್. ಮಕ್ಕಳ ಸೀಟಿನ ಎರಡು ಕೈ ಅದಕ್ಕೆ ಸಿಕ್ಕಿಸಿದಾಗ ಟಕ್ ಟಕ್ ಅಂತ ಎರಡು ಸದ್ದು ಬರ್ಬೇಕು, ಆಮೇಲೆ ಮೇಲಿನ ಪಟ್ಟಿನ ಸೀಟ್ ಹಿಂದಿನ ಕೊಕ್ಕೆಗೆ ಹಾಕಿ ಎಳೀಬೇಕು. ನಾವು ನಮ್ಮ ಸೀಟನ್ನೇ ಹೊತ್ಕೊಂಡು ಎರಡೂ ಶೋರೂಮಿಗೆ ಹೋಗಿ ಹಾಕಿ ನೋಡಿದ್ವಿ. ಯಾಕಂದ್ರೆ ಅದು ಹಾಕಿದ ಮೇಲೆ ಪಕ್ಕದಲ್ಲಿ ಇನ್ನಿಬ್ರು ಕೂರೋಕೆ ಆಗತ್ತಾ, ಪಕ್ಕದವ್ರ ಬೆಲ್ಟ್ ಬಕಲ್ ಕೈಗೆ ಸಿಗತ್ತಾ ಅನ್ನೋದು ಯಾವ ಬ್ರೋಷರಲ್ಲೂ ಬರೆದಿರಲ್ಲ. ಮಗಳಿಗೆ ಬೂಸ್ಟರ್ (ಬೆಲ್ಟು ಸರಿಯಾಗಿ ಕೂರೋ ಹಾಗೆ ಎತ್ತರ ಮಾಡೋ ಸೀಟು) ಹಾಕಿ ಕೂರಿಸಿದ್ವಿ, ಬೆಲ್ಟು ಕತ್ತಿಗೆ ತಾಗ್ಬಾರ್ದು, ಭುಜದ ಮೂಳೆ ಮೇಲೆ ಹಾದು ಹೋಗ್ಬೇಕು. 14 ವರ್ಷದ ಒಳಗಿನ ಮಕ್ಕಳಿಗೆ ಬೆಲ್ಟೋ ಸೀಟೋ ಇಲ್ದೆ ಕರ್ಕೊಂಡು ಹೋದ್ರೆ ಸಾವಿರ ರೂಪಾಯಿ ದಂಡ ಕಾನೂನಲ್ಲೇ ಇದೆ, ಆದ್ರೆ ದಂಡಕ್ಕೆ ಹೆದರಿ ಮಾಡೋ ವಿಷ್ಯ ಅಲ್ಲ ಇದು.

ಹೆಜ್ಜೆ 4: ಇಡೀ ಮನೆಯವ್ರನ್ನ ಕರ್ಕೊಂಡು ಹೋಗಿ, ಲಗೇಜೂ ತಗೊಂಡು ಹೋಗಿ

ಗಂಡಸ್ರಿಬ್ರು ಹೋಗಿ ಗಾಡಿ ನೋಡ್ಕೊಂಡು ಬರೋದು, ಮನೆಯವ್ರೆಲ್ಲ ಡೆಲಿವರಿ ದಿನ ಫೋಟೋಗೆ ನಿಲ್ಲೋದು, ಈ ಪದ್ಧತಿ ಬಿಡಿ. ಅತ್ತೆನ ಕರ್ಕೊಂಡು ಹೋಗಿದ್ದಕ್ಕೆ ನಮಗೆ ಅರ್ಧ ಉತ್ತರ ಅಲ್ಲೇ ಸಿಕ್ತು. ಶೋರೂಮಲ್ಲಿ ನಾನು ಸುಮ್ನೆ ಪಕ್ಕದಲ್ಲಿ ನಿಂತು ಅವ್ರನ್ನೇ ನೋಡ್ತಿದ್ದೆ. ಬ್ರೆಝಾ ಹಿಂದಿನ ಬಾಗಿಲು ತೆಗೆದ್ರು, ಮೊದ್ಲು ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂತ್ರು, ಆಮೇಲೆ ಒಂದೊಂದೇ ಕಾಲು ಒಳಗೆ ಎಳ್ಕೊಂಡ್ರು, ತಲೆ ಬಗ್ಗಿಸೋ ಪ್ರಮೇಯನೇ ಬರ್ಲಿಲ್ಲ. ನೆಕ್ಸಾನಲ್ಲಿ ಅದೇ ರೀತಿ ಕೂತ್ರು ಆದ್ರೆ ತಲೆ ಸ್ವಲ್ಪ ತಗ್ಗಿಸ್ಬೇಕಾಯ್ತು. ಎತ್ತರ ನೋಡಿದ್ರೆ ಬ್ರೆಝಾ 1685 ಮಿಲಿಮೀಟರ್, ನೆಕ್ಸಾನ್ 1620, ಆರೂವರೆ ಸೆಂಟಿಮೀಟರ್ ವ್ಯತ್ಯಾಸ ಅಂದ್ರೆ ವಯಸ್ಸಾದವ್ರ ಕತ್ತಿಗೆ ಗೊತ್ತಾಗತ್ತೆ. ಕೇಳಿದ್ದಕ್ಕೆ ಅತ್ತೆ, "ಎರಡೂ ಆಗತ್ತೆ ಕಣಮ್ಮಾ, ಇದ್ರಲ್ಲಿ ತಲೆ ನೋಡ್ಕೋಬೇಕು ಅಷ್ಟೇ" ಅಂದ್ರು. ಒಂದು ಸಲ ಕೂತು ಎದ್ರೆ ಸಾಲ್ದು, ನಾಲ್ಕೈದು ಸಲ ಹತ್ತಿ ಇಳಿಸಿ, ನಾಲ್ಕನೇ ಸಲಕ್ಕೆ ಮಂಡಿ ಸತ್ಯ ಹೇಳತ್ತೆ. ಹಾಗೇ ಇಪ್ಪತ್ತು ನಿಮಿಷ ಹಿಂದೆ ಮೂರು ಜನ ಕೂತು ಮಾತಾಡಿ, ಮಧ್ಯ ಕೂತವ್ರ ಬೆನ್ನಿಗೆ ಏನು ಒತ್ತತ್ತೆ, ಕಾಲಿಡೋಕೆ ಎಲ್ಲಿ ಜಾಗ ನೋಡಿ. ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯದ ದೂರ) ನೆಕ್ಸಾನ್ 2498 ಮಿಲಿಮೀಟರ್, ಬ್ರೆಝಾ 2500, ಲೆಕ್ಕದಲ್ಲಿ ಎರಡೂ ಒಂದೇ, ಕೂತಾಗ ಒಂದೇ ಅನ್ಸಲ್ಲ.

ಡಿಕ್ಕಿ ಅಳತೆ ನೆಕ್ಸಾನ್ 382 ಲೀಟರ್, ಬ್ರೆಝಾ 328. ಈ ಲೀಟರ್ ನಂಬರು ನಂಗೆ ಯಾವತ್ತೂ ಅರ್ಥ ಆಗಿಲ್ಲ, ಅದಕ್ಕೇ ನಮ್ಮ ದೊಡ್ಡ ಸೂಟ್‌ಕೇಸು, ಎರಡು ಬ್ಯಾಗು, ಒಂದು ಖಾಲಿ ಗೋಣಿಚೀಲದಲ್ಲಿ ಹಳೇ ಬಟ್ಟೆ ತುಂಬಿ ತಗೊಂಡು ಹೋದೆ. ಚೀಲ ನಿಲ್ಸಿದ್ರೆ ನೆಕ್ಸಾನಲ್ಲಿ ಸೂಟ್‌ಕೇಸ್ ಪಕ್ಕ ಸಲೀಸಾಗಿ ಕೂತ್ಕೊಂತು, ಬ್ರೆಝಾದಲ್ಲಿ ಒಂದು ಬ್ಯಾಗು ಮೇಲೆ ಹೇರ್ಬೇಕಾಯ್ತು. ಸಿಎನ್‌ಜಿ ನೋಡ್ತಿದ್ರೆ ಇದು ಇನ್ನೂ ಮುಖ್ಯ, ಬ್ರೆಝಾ ಸಿಎನ್‌ಜಿಲಿ ಡಿಕ್ಕಿಯ ಬಹುಪಾಲು ಸಿಲಿಂಡರಿಗೇ ಹೋಗತ್ತೆ, ನೆಕ್ಸಾನಲ್ಲಿ ಎರಡು ಚಿಕ್ಕ ಸಿಲಿಂಡರ್ ಕೆಳಗೆ ಇಟ್ಟು 321 ಲೀಟರ್ ಉಳಿಸಿದ್ದಾರೆ.

ಗೇಟು ಅಳೆಯೋದು ಮರೀಬೇಡಿ. ನೆಕ್ಸಾನ್ ಅಗಲ 1804 ಮಿಲಿಮೀಟರ್, ಬ್ರೆಝಾ 1790, ಇದು ಕನ್ನಡಿ ಬಿಟ್ಟು. ಏಳಡಿ ಗೇಟು ಅಂದ್ರೆ ಸುಮಾರು 2130 ಮಿಲಿಮೀಟರ್, ಒಳಗೆ ಹೋಗತ್ತೆ ಆದ್ರೆ ಶೆಡ್ಡಲ್ಲಿ ನಿಂತ ಮೇಲೆ ಬಾಗಿಲು ಪೂರ್ತಿ ತೆಗೆಯೋಕೆ ಆಗತ್ತಾ ಅನ್ನೋದೇ ಪ್ರಶ್ನೆ. ನಾವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ಅಳತೆ ಗೀಚಿ ನೋಡಿದ್ವಿ.

ಹೆಜ್ಜೆ 5: ಟೆಸ್ಟ್ ಡ್ರೈವು, ಐದು ಜನ ಕೂತು, ನಿಮ್ಮ ರಸ್ತೇಲಿ

ಮೊದ್ಲು ಎರಡು ನಂಬರ್ ಅರ್ಥ ಮಾಡ್ಕೊಳ್ಳಿ, ಆಮೇಲೆ ಎಲ್ಲಾ ಸುಲಭ. ನೆಕ್ಸಾನ್ ಪೆಟ್ರೋಲು ಮೂರು ಸಿಲಿಂಡರಿನ ಟರ್ಬೋ, ಶಕ್ತಿ 120 ಪಿಎಸ್, ಟಾರ್ಕ್ ಅಂದ್ರೆ ಎಳೆಯೋ ಬಲ 170 ನ್ಯೂಟನ್ ಮೀಟರ್, ಅದು 1750 ಆರ್‌ಪಿಎಂನಿಂದಲೇ ಸಿಗೋಕೆ ಶುರು. ಬ್ರೆಝಾದ್ದು ನಾಲ್ಕು ಸಿಲಿಂಡರಿನ ಸಾದಾ ಎಂಜಿನ್, 103 ಪಿಎಸ್, ಟಾರ್ಕ್ 136.8, ಅದು ಪೂರ್ತಿ ಸಿಗೋದು 4400 ಆರ್‌ಪಿಎಂಗೆ. ಮನೆ ಭಾಷೇಲಿ ಹೇಳ್ಬೇಕಂದ್ರೆ ನೆಕ್ಸಾನ್ ಎಂಜಿನ್ನು ಕಮ್ಮಿ ಸುತ್ತಲ್ಲೇ ಭಾರ ಎಳಿಯತ್ತೆ, ಬ್ರೆಝಾದ್ದಕ್ಕೆ ಸ್ವಲ್ಪ ಜಾಸ್ತಿ ಸುತ್ತಿಸ್ಬೇಕು ಆದ್ರೆ ನಯವಾಗಿ, ಸದ್ದು ನಡುಕ ಕಮ್ಮಿ ಇಟ್ಕೊಂಡು ಎಳಿಯತ್ತೆ.

ಊರೊಳಗೆ ಎರಡು ಕಿಲೋಮೀಟರ್ ಟೆಸ್ಟ್ ಡ್ರೈವಲ್ಲಿ ಇದ್ಯಾವ್ದೂ ಗೊತ್ತಾಗಲ್ಲ. ಅದಕ್ಕೇ ನಾವು ಸೆಲ್ಫ್ ಡ್ರೈವ್ ಬಾಡಿಗೆಗೆ ಕೊಡ್ತಾರಲ್ಲ, ಕಪ್ಪು ಪ್ಲೇಟಲ್ಲಿ ಹಳದಿ ಅಕ್ಷರ, ಆ ಗಾಡಿ ಒಂದೊಂದು ದಿನಕ್ಕೆ ತಗೊಂಡು ಬೇರೆ ಬೇರೆ ವಾರ ಪುತ್ತೂರಿಗೆ ಹೋಗಿ ಬಂದ್ವಿ. ಹತ್ತು ಲಕ್ಷ ಹಾಕೋ ಮುಂಚೆ ಒಂದೆರಡು ದಿನದ ಬಾಡಿಗೆ ಕೊಡೋದು ನಂಗೇನೂ ದುಬಾರಿ ಅನ್ನಿಸ್ಲಿಲ್ಲ. ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಹತ್ತೋವಾಗ ಮುಂದೆ ಗ್ಯಾಸ್ ಟ್ಯಾಂಕರು, ಅದ್ರ ಮುಂದೆ ಇನ್ನೊಂದು, ಸ್ಪೀಡು ಇಪ್ಪತ್ತೈದಕ್ಕೆ ಇಳಿದಿದೆ, ಎಸಿ ಆನ್, ಐದು ಜನ, ಡಿಕ್ಕಿ ತುಂಬಾ ತೆಂಗಿನಕಾಯಿ. ನೇರ ರಸ್ತೆ ಒಂದು ಚೂರು ಸಿಕ್ತು. ನೆಕ್ಸಾನಲ್ಲಿ ಎರಡನೇ ಗೇರಲ್ಲಿ ಒತ್ತಿದ್ರೆ ಅರೆಕ್ಷಣ ಸುಮ್ನಿದ್ದು ಆಮೇಲೆ ಒಮ್ಮೆಲೇ ಹಿಡೀತು, ಎರಡೂ ಟ್ಯಾಂಕರ್ ದಾಟಿ ಬಂದ್ವಿ. ಆ ಅರೆಕ್ಷಣ ಟರ್ಬೋದ ಗುಣ, ಅಭ್ಯಾಸ ಮಾಡ್ಕೋಬೇಕು, ಗೊತ್ತಿಲ್ದೆ ನುಗ್ಗಬಾರ್ದು. ಬ್ರೆಝಾದಲ್ಲಿ ಹೆಚ್ಚುಕಮ್ಮಿ ಅದೇ ಜಾಗ, ಎರಡನೇ ಗೇರಲ್ಲೇ ಎಂಜಿನ್ ಜೋರಾಗಿ ಕೂಗಿಸಿ ಒಂದು ಟ್ಯಾಂಕರ್ ದಾಟಿದ್ವಿ, ಎರಡನೇದಕ್ಕೆ ಕಾಯೋದೇ ವಾಸಿ ಅಂತ ನಮ್ಮನೆಯವ್ರು ಹಿಂದೆ ಬಂದ್ರು. ಅದೂ ತಪ್ಪಲ್ಲ, ಘಾಟೀಲಿ ಕಾಯೋದೇ ಬುದ್ಧಿವಂತಿಕೆ, ಆದ್ರೆ ತಿಂಗಳು ತಿಂಗಳು ಇದೇ ರಸ್ತೆ ಇರೋರು ಇದನ್ನ ಲೆಕ್ಕಕ್ಕೆ ತಗೊಳ್ಲೇಬೇಕು. ಇಳಿಯೋವಾಗ ಬರೀ ಬ್ರೇಕ್ ತುಳೀದೇ ಗೇರಲ್ಲಿ ಹಿಡಿಯೋಕೆ ಎಷ್ಟು ಆಗತ್ತೆ ಅಂತಾನೂ ನೋಡಿ.

ಆಟೋಮ್ಯಾಟಿಕ್ ಬೇಕಂದ್ರೆ ಹೆಸರು ನೋಡಿ ಮೋಸ ಹೋಗ್ಬೇಡಿ. ಬ್ರೆಝಾದಲ್ಲಿರೋದು 6 ಸ್ಪೀಡ್ ಟಾರ್ಕ್ ಕನ್ವರ್ಟರ್, ನಿಧಾನ ಟ್ರಾಫಿಕಲ್ಲಿ ಬೆಣ್ಣೆ ಥರ ಹೋಗತ್ತೆ. ನೆಕ್ಸಾನಲ್ಲಿ ಎರಡು ಥರ, ಕಮ್ಮಿ ಬೆಲೆಗೆ ಎಎಂಟಿ, ಮೇಲಿನದ್ರಲ್ಲಿ 7 ಸ್ಪೀಡ್ ಡಿಸಿಎ ಅಂದ್ರೆ ಡ್ಯುಯಲ್ ಕ್ಲಚ್. ಎಎಂಟಿ ಅಂದ್ರೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯೋ ಕೆಲ್ಸ ಮೆಷಿನ್ ಮಾಡತ್ತೆ, ಗೇರ್ ಬದಲಾಗೋವಾಗ ಒಂದು ಸಣ್ಣ ತಲೆಯಾಡಿಸಿದ ಹಾಗೆ ಗೊತ್ತಾಗತ್ತೆ. ನಾದಿನಿ ಮೂರನ್ನೂ ಸಿಲ್ಕ್ ಬೋರ್ಡ್ ಕಡೆ ಸಂಜೆ ಆರಕ್ಕೆ ಓಡಿಸಿ ನೋಡಿದ್ಲು, ಬ್ರೆಝಾ ಆಟೋಮ್ಯಾಟಿಕ್ ಬಿಟ್ಟು ಇಳೀಲಿಲ್ಲ. ನೀವು ತಗೊಳ್ಳೋ ಗೇರ್‌ಬಾಕ್ಸನ್ನೇ ಓಡಿಸಿ, "ಇದೂ ಹಂಗೇ ಇರತ್ತೆ ಸಾರ್" ಅಂತ ಬೇರೇದು ಕೊಟ್ರೆ ಬೇಡ ಅನ್ನಿ, ಇನ್ನೊಂದು ದಿನ ಬರ್ತೀನಿ ಅನ್ನಿ.

ಹಂಪ್ ಟೆಸ್ಟ್ ಮಾಡಿ. ಗ್ರೌಂಡ್ ಕ್ಲಿಯರೆನ್ಸ್ ನೆಕ್ಸಾನ್ 208 ಮಿಲಿಮೀಟರ್, ಬ್ರೆಝಾ 200ರ ಹತ್ರ, ಇವೆಲ್ಲ ಖಾಲಿ ಗಾಡಿ ನಂಬರು. ಐದು ಜನ ಕೂತಾಗ ನಿಮ್ಮೂರಿನ ಅತಿ ಕೆಟ್ಟ ಹಂಪ್ ಮೇಲೆ ಹತ್ತಿಸಿ, ಹಿಂದೆ ಕೂತವ್ರನ್ನ ಕೇಳಿ. ಓಡಿಸೋರಿಗೆ ಗಾಡಿ ಯಾವಾಗ್ಲೂ ಚೆನ್ನಾಗೇ ಅನ್ಸತ್ತೆ, ಹಿಂದಿನ ಸೀಟಲ್ಲಿರೋ ಬೆನ್ನಿಗೆ ನಿಜ ಗೊತ್ತು. ರಾತ್ರಿ ಒಂದು ಸಲ ಓಡಿಸಿ ಹೆಡ್‌ಲೈಟ್ ನೋಡಿ, ಇದನ್ನ ಯಾರೂ ಮಾಡಲ್ಲ.

ಹೆಜ್ಜೆ 6: ಐದು ವರ್ಷದ ಖರ್ಚು

ಕಂಪನಿ ಹೇಳೋ ಮೈಲೇಜ್ ಬ್ರೆಝಾ 20ರ ಹತ್ರ, ನೆಕ್ಸಾನ್ ಪೆಟ್ರೋಲ್ 17 ಚಿಲ್ರೆ. ರಸ್ತೇಲಿ ಎರಡೂ ಅಷ್ಟು ಕೊಡಲ್ಲ, ಆದ್ರೆ ವ್ಯತ್ಯಾಸ ಇದ್ದೇ ಇರತ್ತೆ. ಸುಮ್ನೆ ಲೆಕ್ಕಕ್ಕೆ ಒಂದು 16 ಕೊಡತ್ತೆ ಇನ್ನೊಂದು 14 ಕೊಡತ್ತೆ ಅಂತಿಟ್ಕೊಳ್ಳಿ, ವರ್ಷಕ್ಕೆ 12 ಸಾವಿರ ಕಿಲೋಮೀಟರಿಗೆ 750 ಲೀಟರ್ ಮತ್ತೆ 857 ಲೀಟರ್, ಪೆಟ್ರೋಲ್ 103 ರೂಪಾಯಿ ಅಂದ್ರೂ ವರ್ಷಕ್ಕೆ 11 ಸಾವಿರ ವ್ಯತ್ಯಾಸ. ತಿಂಗಳಿಗೆ ಒಂಬೈನೂರು ಚಿಲ್ರೆ. ಇದೊಂದಕ್ಕೋಸ್ಕರ ಗಾಡಿ ಬದಲಾಯಿಸೋ ಅಷ್ಟು ದೊಡ್ಡದಲ್ಲ ಅಂತ ನಮಗನ್ನಿಸ್ತು, ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸೋರಿಗೆ ದೊಡ್ಡದೇ. ಅಷ್ಟು ಓಡಿಸೋರು ನೆಕ್ಸಾನ್ ಡೀಸೆಲ್ಲೂ ನೋಡಿ, 260 ನ್ಯೂಟನ್ ಮೀಟರ್ ಟಾರ್ಕ್ ಅದ್ರದ್ದು, ಬ್ರೆಝಾದಲ್ಲಿ ಈಗ ಡೀಸೆಲ್ ಬರಲ್ಲ. ಬಾಡಿಗೆ ಗಾಡೀಲಿ ನೀವೇ ಮೈಲೇಜ್ ನೋಡ್ಬಹುದು, ಹೊರಡೋವಾಗ ಬಂಕಲ್ಲಿ ಪಂಪ್ ತಾನಾಗಿ ಕಟ್ ಆಗೋವರ್ಗೂ ತುಂಬಿಸಿ, ವಾಪಸ್ ಬಂದು ಅದೇ ಬಂಕಲ್ಲಿ ಮತ್ತೆ ಕಟ್ ಆಗೋವರ್ಗೂ ತುಂಬಿಸಿ, ಓಡಿದ ಕಿಲೋಮೀಟರನ್ನ ಎರಡನೇ ಸಲ ಹಾಕಿದ ಲೀಟರಿಂದ ಭಾಗಿಸಿ. ಡ್ಯಾಶ್‌ಬೋರ್ಡ್ ತೋರಿಸೋ ನಂಬರ್ ನಂಬ್ಬೇಡಿ.

ಸರ್ವಿಸ್ ವಿಷ್ಯಕ್ಕೆ ಮಾರುತಿಗೆ ಒಂದು ದೊಡ್ಡ ಅನುಕೂಲ ಇದೆ, ಸಣ್ಣ ಸಣ್ಣ ತಾಲ್ಲೂಕಲ್ಲೂ ವರ್ಕ್‌ಶಾಪ್ ಸಿಗತ್ತೆ, ಹೊರಗಿನ ಮೆಕ್ಯಾನಿಕ್ಕಿಗೂ ಕೈ ಪಳಗಿರತ್ತೆ, ಮಾರೋವಾಗ್ಲೂ ಬೆಲೆ ನಿಲ್ಲತ್ತೆ. ನಿಮ್ಮೂರಲ್ಲಿ ಎರಡೂ ಕಂಪನಿ ವರ್ಕ್‌ಶಾಪಿಗೆ ಶನಿವಾರ ಬೆಳಿಗ್ಗೆ ಹೋಗಿ ಅರ್ಧ ಗಂಟೆ ನಿಂತ್ಕೊಳ್ಳಿ, ಗಾಡಿ ಬಿಡೋಕೆ ಬಂದವ್ರನ್ನ ಮಾತಾಡ್ಸಿ. ಇದಕ್ಕಿಂತ ಒಳ್ಳೇ ರಿವ್ಯೂ ಇಲ್ಲ, ನಾನು ಏಳು ಜನರನ್ನ ಕೇಳ್ದೆ. ವಾರಂಟಿ ಈಗ ಎರಡಕ್ಕೂ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಎಕ್ಸ್‌ಟೆಂಡೆಡ್ ವಾರಂಟಿ ಬೆಲೆ ಬರೆಸ್ಕೊಳ್ಳಿ.

ಸಾಲ ತಗೊಳ್ಳೋರು ಇಎಂಐ ಕಮ್ಮಿ ಕಾಣತ್ತೆ ಅಂತ ಏಳು ವರ್ಷಕ್ಕೆ ಹೋಗ್ಬೇಡಿ. 8 ಲಕ್ಷಕ್ಕೆ 9% ಬಡ್ಡಿ ಅಂದ್ರೆ ಐದು ವರ್ಷಕ್ಕೆ ಇಎಂಐ 16,607, ಒಟ್ಟು ಬಡ್ಡಿ 1.96 ಲಕ್ಷ. ಏಳು ವರ್ಷಕ್ಕೆ 12,871, ಬಡ್ಡಿ 2.81 ಲಕ್ಷ. ಆ 85 ಸಾವಿರ ಏಳೆಂಟು ವರ್ಷದ ಪೆಟ್ರೋಲ್ ವ್ಯತ್ಯಾಸಕ್ಕೆ ಸಮ, ಮೈಲೇಜಿಗೆ ಅಷ್ಟು ಜಗಳ ಆಡೋ ನಾವು ಇದನ್ನ ನೋಡೋದೇ ಇಲ್ಲ.

ಹೆಜ್ಜೆ 7: ತೀರ್ಮಾನಕ್ಕೆ ಬನ್ನಿ

ಈಗ ಮೊದಲನೇ ಪೇಜಿಗೆ ವಾಪಸ್ ಹೋಗಿ. ಎಲ್ರೂ ಬರೆಸಿದ್ರಲ್ಲ ಎರಡೆರಡು, ಅದ್ರ ಮುಂದೆ ಎರಡು ಗಾಡಿಗೂ ಹತ್ತಕ್ಕೆ ಮಾರ್ಕ್ಸ್ ಹಾಕಿ, ಹಾಕೋದು ಬರೆಸಿದವ್ರೇ. ಸೇಫ್ಟಿ, ದಿನಾ ಬೇಕಾಗೋದು, ಇವಕ್ಕೆ ಡಬಲ್ ಮಾಡಿ. ಸನ್‌ರೂಫು, ಸ್ಕ್ರೀನ್ ಸೈಝು, ಲೈಟ್ ಬಣ್ಣ ಇವನ್ನ ಪಟ್ಟಿಗೇ ಸೇರಿಸ್ಬೇಡಿ, ಸಮ ಬಂದ್ರೆ ಆಮೇಲೆ ನೋಡಿದ್ರಾಯ್ತು.

ನಮ್ಮ ಪಟ್ಟೀಲಿ ಸೇಫ್ಟಿ, ಘಾಟಿ, ಡಿಕ್ಕಿ ಮೂರೂ ನೆಕ್ಸಾನ್ ಕಡೆ, ಅತ್ತೆ ಮಾರ್ಕ್ಸ್ ಬ್ರೆಝಾಗೆ ಒಂಬತ್ತು ನೆಕ್ಸಾನಿಗೆ ಏಳು. ಅತ್ತೆ ಐದರ ಕೆಳಗೆ ಕೊಟ್ಟಿದ್ರೆ ಉಳಿದಿದ್ದೆಲ್ಲಾ ಎಷ್ಟೇ ಚೆನ್ನಾಗಿದ್ರೂ ನಾನು ಒಪ್ತಿರ್ಲಿಲ್ಲ, ಒಬ್ರಿಗೆ ದಿನಾ ನೋವು ಕೊಟ್ಟು ಉಳಿದವ್ರು ಆರಾಮಾಗಿರೋ ಗಾಡಿ ಮನೆ ಗಾಡಿ ಅಲ್ಲ. ಏಳು ಬಂದಿದ್ದಕ್ಕೆ ನೆಕ್ಸಾನ್ ಪೆಟ್ರೋಲ್ ಮ್ಯಾನ್ಯುಯಲ್ ಆಯ್ತು, 10 ಲಕ್ಷದ ಗೆರೆ ಒಳಗಿನ ವೇರಿಯಂಟೇ. ನಾದಿನಿಗೆ ಘಾಟಿ ಇಲ್ಲ, ಮೂರೇ ಜನ, ದಿನಾ ಟ್ರಾಫಿಕ್, ಸರ್ವಿಸ್ ಸೆಂಟರ್ ಮನೆ ಪಕ್ಕ, ಅವಳಿಗೆ ಬ್ರೆಝಾ ಆಟೋಮ್ಯಾಟಿಕ್. ಇಬ್ರೂ ಖುಷಿಯಾಗಿದ್ದೀವಿ.

ಹೆಜ್ಜೆ 8: ದುಡ್ಡು ಪೂರ್ತಿ ಕಟ್ಟೋ ಮುಂಚೆ ಗಾಡಿ ಮುಟ್ಟಿ ನೋಡಿ

ರಿಜಿಸ್ಟ್ರೇಷನ್ ಆಗೋ ಮುಂಚೆ ನಿಮಗೆ ಕೊಡೋ ಗಾಡೀನೇ ಸ್ಟಾಕ್‌ಯಾರ್ಡಲ್ಲಿ ಹಗಲು ಹೊತ್ತಲ್ಲಿ ನೋಡ್ಬೇಕು, ರಿಜಿಸ್ಟ್ರೇಷನ್ ಆದ್ಮೇಲೆ ತಕರಾರು ತೆಗೆದ್ರೆ ಯಾರೂ ಕೇಳಲ್ಲ. ಚಾಸಿ ನಂಬರ್ ಬರ್ಕೊಳ್ಳಿ, ತಯಾರಾದ ತಿಂಗಳು ಕೇಳಿ. ಐದೂ ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 2325 ಅಂದ್ರೆ 2025ರ 23ನೇ ವಾರದಲ್ಲಿ ಮಾಡಿದ ಟೈರು, ಒಂದರದ್ದು ತೀರಾ ಬೇರೆ ಇದ್ರೆ ಯಾಕೆ ಅಂತ ಕೇಳಿ. ಓಡಿದ ಕಿಲೋಮೀಟರ್, ಬಾಗಿಲ ಸಂದಿ, ಬಂಪರ್ ಅಂಚಿನ ಪೇಂಟು, ಗಾಜಿನ ಮೇಲಿನ ವರ್ಷ, ಎಲ್ಲಾ ಕಿಟಕಿ, ಎಲ್ಲಾ ಲೈಟು, ಹಿಂದಿನ ಎಸಿ, ಜಾಕು, ಸ್ಪ್ಯಾನರ್, ಎರಡೂ ಕೀ. ಕೊಟೇಶನಲ್ಲಿ ಇದ್ದ ನಂಬರೂ ಬಿಲ್ಲಲ್ಲಿರೋ ನಂಬರೂ ಪಕ್ಕಪಕ್ಕ ಇಟ್ಟು ಓದಿ.

ಡೆಲಿವರಿ ದಿನ ಹಾರ, ನಿಂಬೆಹಣ್ಣು, ತೆಂಗಿನಕಾಯಿ ಎಲ್ಲಾ ಆಗ್ಲಿ, ಆದ್ರೆ ಗಾಡಿ ಶೋರೂಮ್ ಬಿಡೋ ಮುಂಚೆ ಮಕ್ಕಳ ಸೀಟ್ ಹಾಕಿ. ನಾವು ಕೆ.ಎ. 13 ಪ್ಲೇಟಿನ ಮುಂದೆ ಫೋಟೋ ತೆಗೆಯೋಕೆ ಮುಂಚೆನೇ ಹಾಕಿದ್ವಿ. ಟಕ್ ಟಕ್ ಅಂತ ಎರಡು ಸದ್ದು ಬಂತು, ಮಗ ಬೆಲ್ಟ್ ಹಾಕಿಸ್ಕೊಂಡ, ಅತ್ತೆ ಇನ್ನೊಂದು ಬಾಗಿಲಿಂದ ತಾವೇ ಕೂತು ಒಂದೊಂದೇ ಕಾಲು ಒಳಗೆ ಎಳ್ಕೊಂಡು, "ನಡೀರಿ, ಮೊದ್ಲು ದೇವಸ್ಥಾನಕ್ಕೆ" ಅಂದ್ರು.